ಮನೆಯಲ್ಲಿ ಆರೈಕೆ, ಕಾರ್ಖಾನೆಯಲ್ಲಿ ಪಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಎರಕದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನನ್ನ ಕೆಲಸ. ಹಾಜರಿ, ಸೂಟಿ, ಪಗಾರದ ಲೆಕ್ಕ ಎಲ್ಲ ನನ್ನ ಮೇಜಿನ ಮೇಲಿಂದಲೇ ಹಾಯುತ್ತದೆ. ಇದಕ್ಕೂ ಮೊದಲು ಬೇರೊಂದು ಕಡೆ ದುಡಿಯುತ್ತಿದ್ದಾಗ ನಮ್ಮವ್ವಗೆ ಲಕ್ವ ಹೊಡೆಯಿತು, ಮೂರು ವರ್ಷ ಹಾಸಿಗೆಯಲ್ಲೇ ಇದ್ದಳು. ಹಾಗಾಗಿ ಸೂಟಿ ಚೀಟಿ ಕೊಡುವ ಕಿಟಕಿಯ ಎರಡೂ ಬದಿಗೆ ನಿಂತವನು ನಾನು. ಕಾರ್ಮಿಕರು ಚಹಾದ ಹೊತ್ತಿನಲ್ಲಿ, ಬೇರೆ ಕಾರ್ಖಾನೆಗಳ ಗೆಳೆಯರು ಫೋನಿನಲ್ಲಿ, ಕೆಲವು ಮಾಲೀಕರು ಬದಿಗೆ ಕರೆದು ಮೆಲ್ಲಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆ ಕೇಳಿದವರ ಮಾತಿನಲ್ಲೇ ಇದೆ.

## ಮೊದಮೊದಲು ಕೇಳುವುದು

ಅಪ್ಪನ್ನ ನೋಡ್ಕೊಳ್ಳೂದು ನಮ್ಮ ಮನಿ ಕೆಲಸ. ಅದಕ್ಕೂ ಕಂಪನಿಗೂ ಏನ್ ಸಂಬಂಧ?

ಸಂಬಂಧ ಇರುವುದು ಗಡಿಯಾರದಲ್ಲಿ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಈ ಹೊತ್ತುಗಳು ನಮ್ಮ ಪಾಳಿ ನೋಡಿಕೊಂಡು ಬರುವುದಿಲ್ಲ. ಇದನ್ನು ಬರೀ ಮನೆಯ ವಿಷಯ ಅಂದುಕೊಂಡು ಕಾರ್ಖಾನೆ ಕಣ್ಣು ಮುಚ್ಚಿದರೆ ಮನುಷ್ಯ ಮೊದಲು ತಡವಾಗಿ ಬರುತ್ತಾನೆ, ಆಮೇಲೆ ಗೈರಾಗುತ್ತಾನೆ, ಕೊನೆಗೆ ಕೆಲಸ ಬಿಡುತ್ತಾನೆ. ಹಾಜರಿ ಪುಸ್ತಕದಲ್ಲಿ ಈ ಮೂರು ಹಂತವನ್ನೂ ನಾನು ಓದಿದ್ದೇನೆ. ಬಿಟ್ಟು ಹೋದವರಲ್ಲಿ ಕೆಲಸ ಬಾರದವರು ಬಹಳ ಕಡಿಮೆ.

ಇದು ನಾಲ್ಕಾರು ಮನೆಗಳ ಮಾತೂ ಅಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಣ್ಣುಮಕ್ಕಳಲ್ಲಿ 100ಕ್ಕೆ 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ 100ಕ್ಕೆ 21 ಮಂದಿ, ದಿನಕ್ಕೆ ಸುಮಾರು 74 ನಿಮಿಷ. ಮಕ್ಕಳ ಆರೈಕೆಯೂ ಈ ಲೆಕ್ಕದಲ್ಲಿ ಸೇರಿದೆ.

ನಾ ಬರೇ ಗುಳಿಗಿ ಕೊಡತೀನಿ, ದವಾಖಾನಿಗೆ ಕರಕೊಂಡ ಹೋಗತೀನಿ. ಅದಕ್ಕೂ ಆರೈಕಿ ಅಂತಾರೇನು?

ಅನ್ನುತ್ತಾರೆ. ಜಳಕ ಮಾಡಿಸುವುದು, ಉಣಿಸುವುದು ಮಾತ್ರ ಆರೈಕೆಯಲ್ಲ. ಗುಳಿಗೆ ಮುಗಿಯುವ ಮೊದಲು ತಂದಿಡುವುದು, ಡಾಕ್ಟರ ಚೀಟಿ ಕಾಯ್ದಿಟ್ಟುಕೊಳ್ಳುವುದು, ರಾತ್ರಿ ಎರಡಕ್ಕೆ ಎದ್ದು ಉಸಿರು ನೋಡುವುದು ಎಲ್ಲ ಅದೇ. ಊರಲ್ಲಿರುವ ಅಪ್ಪನಿಗಾಗಿ ಪ್ರತಿ ರವಿವಾರ ಬೈಲಹೊಂಗಲಕ್ಕೋ ಖಾನಾಪುರಕ್ಕೋ ಬಸ್ ಹತ್ತುವವರೂ ಆರೈಕೆ ಮಾಡುವವರೇ. ನಮ್ಮಲ್ಲಿ ಬಹಳ ಮಂದಿ, ಅದರಲ್ಲೂ ಗಂಡಸರು, ಈ ಹೆಸರನ್ನು ತಮಗೆ ಹಚ್ಚಿಕೊಳ್ಳುವುದೇ ಇಲ್ಲ. "ಅವ್ವನ ಮೈ ನಾನ ತೊಳೀತೀನಿ" ಅಂತ ಪಾಳಿಯವರ ಮುಂದೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಹೇಳಿದ ದಿನ ಇನ್ನಿಬ್ಬರು ತಮ್ಮ ಮನೆಯ ಮಾತು ತೆಗೆದರು.

ಸಾಹೇಬರಿಗೆ ಹ್ಯಾಂಗ ಹೇಳೂದು? ಹೇಳಿದ್ರ ಹಿಂದ ಹಾಕತಾರ ಅಂತ ಅಂಜಿಕಿ ಐತಿ.

ಅಂಜಿಕೆ ಸುಳ್ಳಲ್ಲ. ಆದರೆ ಮುಚ್ಚಿಟ್ಟರೆ ನಿಮ್ಮ ಗೈರಿಗೆ ಮೇಲಿನವರು ತಮಗೆ ತಿಳಿದ ಕಾರಣ ಹಚ್ಚುತ್ತಾರೆ: ಕುಡಿತ, ಮೈಗಳ್ಳತನ, ಇನ್ನೊಂದು ಕಡೆ ಕೆಲಸ ಹುಡುಕುತ್ತಿದ್ದಾನೆ ಅನ್ನುವ ಮಾತು. ಅದಕ್ಕಿಂತ ಹೇಳುವುದು ಲೇಸು.

ಹೇಳುವಾಗ ಕಷ್ಟದ ಕಥೆಗಿಂತ ಹೊತ್ತಿನ ಲೆಕ್ಕ ಮುಂದಿಡಿ. "ಭಾಳ ತೊಂದ್ರಿ ಐತ್ರಿ ಸಾಹೇಬ್ರ" ಅಂದರೆ ಅವರು ಮರುಗಿ ಸುಮ್ಮನಾಗುತ್ತಾರೆ, ಏನು ಮಾಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ. ಬದಲಿಗೆ "ಮಂಗಳವಾರ, ಗುರುವಾರ, ಶನಿವಾರ ಮುಂಜಾನೆ ಅಪ್ಪಗ ಡಯಾಲಿಸಿಸ್ ಐತಿ. ಆ ಮೂರು ದಿನ ನನಗ ಎರಡನೇ ಪಾಳಿ ಕೊಟ್ರ ಒಂದು ದಿನಾನೂ ತಪ್ಪಸಂಗಿಲ್ಲ" ಅನ್ನಿ. ಆಗ ಅವರ ಕೈಯಲ್ಲಿ ಒಂದು ದಾರಿ ಇರುತ್ತದೆ. ಬಾಯಿಮಾತು ಮುಗಿದ ಮೇಲೆ ಅದನ್ನೇ ನಾಲ್ಕು ಸಾಲು ಬರೆದು ಕೊಟ್ಟು, ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಮೇಲ್ವಿಚಾರಕರು ಬದಲಾಗುತ್ತಾರೆ, ಕಾಗದ ಉಳಿಯುತ್ತದೆ.

## ಸೂಟಿ, ಕಾನೂನು, ರೊಕ್ಕ

ಅವ್ವನ ಆರೈಕಿಗೆ ಅಂತ ಕಾನೂನಿನ್ಯಾಗ ಸೂಟಿ ಐತೇನು?

ಖಾಸಗಿ ಕೆಲಸದಲ್ಲಿ ಆ ಹೆಸರಿನ ಸೂಟಿ ಇಲ್ಲ. ನನ್ನನ್ನು ಬಹಳ ಕಾಡುವ ಸಂಗತಿ ಇದು. ಮುಪ್ಪಾದ ತಂದೆ-ತಾಯಿಯನ್ನು ಸಾಕುವುದು ಮಕ್ಕಳ ಹೊಣೆ ಅಂತ 2007ರಲ್ಲೇ ಕೇಂದ್ರ ಸರಕಾರ ಕಾಯ್ದೆ ಮಾಡಿತು. ಸಾಕದವರ ಮೇಲೆ ಅವರು ದೂರು ಕೊಡಬಹುದು, ತಿಂಗಳ ಜೀವನಾಂಶ ಕೇಳಬಹುದು. ಆ ಹೊಣೆ ಹೊರಲು ಬೇಕಾದ ಒಂದು ದಿನದ ಸೂಟಿಯ ಮಾತು ಮಾತ್ರ ಆ ಕಾಯ್ದೆಯಲ್ಲಿ ಬರುವುದಿಲ್ಲ.

ಹಾಗಾಗಿ ಇದ್ದ ಸೂಟಿಯನ್ನೇ ತಿಳಿದು ಬಳಸಬೇಕು. ಅಂಗಡಿ, ಹೋಟೆಲ್, ಖಾಸಗಿ ಕಚೇರಿಯವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ 20 ದಿನದ ಕೆಲಸಕ್ಕೆ 1 ದಿನದ ಗಳಿಕೆ ರಜೆಯಲ್ಲದೆ ವರ್ಷಕ್ಕೆ 12 ದಿನ ಪಗಾರಸಹಿತ ರಜೆ ಬೇರೆ ಇದೆ. ಈ 12 ದಿನ ಬರೀ ನಿಮ್ಮ ಸ್ವಂತ ಕಾಯಿಲೆಗಲ್ಲ, ಬೇರೆ ಸಮಂಜಸ ಕಾರಣಕ್ಕೂ ಸಲ್ಲುತ್ತದೆ. ಅವ್ವನನ್ನು ಆಸ್ಪತ್ರೆಗೆ ಸೇರಿಸುವುದಕ್ಕಿಂತ ಸಮಂಜಸ ಕಾರಣ ಯಾವುದಿದೆ? ಅರ್ಜಿಯಲ್ಲಿ ಧೈರ್ಯವಾಗಿ ಹಾಗೇ ಬರೆಯಿರಿ.

ಕಾರ್ಖಾನೆಯವರಿಗೆ 20 ದಿನಕ್ಕೆ 1 ದಿನ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಇದಕ್ಕೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಅದನ್ನು 180 ದಿನಕ್ಕೆ ಇಳಿಸಿದೆ. ಹಳೆಯ ಕಾಯ್ದೆಯಲ್ಲಿ ಇನ್ನೆರಡು ಕಟ್ಟಳೆಗಳಿದ್ದವು: 15 ದಿನ ಮೊದಲು ಅರ್ಜಿ ಕೊಡಬೇಕು, ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಬಾರಿ ತೆಗೆದುಕೊಳ್ಳುವಂತಿಲ್ಲ. ಊರಿಗೆ, ಮದುವೆಗೆ ಹೋಗುವವರಿಗೆ ಅದು ನಡೆಯುತ್ತಿತ್ತು. ಹೃದಯಾಘಾತ ಹೇಳಿ ಬರುವಂಥದ್ದಲ್ಲ. ಆರೈಕೆ ಮಾಡುವವನಿಗೆ ಬೇಕಾದದ್ದು ವರ್ಷಕ್ಕೆ ಮೂರು ದೊಡ್ಡ ಸೂಟಿಯಲ್ಲ, ಮೂವತ್ತು ಸಣ್ಣ ಸೂಟಿ. ಬಹಳ ಕಾರ್ಖಾನೆಗಳ ಸೂಟಿ ಅರ್ಜಿಯ ನಮೂನೆ ಈಗಲೂ ಆ ಹಳೆಯ ಎರಕದಲ್ಲೇ ಇದೆ. ಅದನ್ನು ಬದಲಿಸಿ ಅಂತ ಕೇಳಿ.

ಅಪ್ಪಗ ಎದಿನೋವು ಬಂತು, ಅವತ್ತ ಮಿರಜಕ್ಕ ಒಯ್ದ್ವಿ. ಹನ್ನೆರಡು ದಿನ ಆತು, ಕಂಪನಿಗೆ ಹೇಳಿಲ್ಲ. ಕೆಲಸ ಹೋಗತೈತೇನು?

ಇದನ್ನು ಓದುತ್ತಿರುವ ಈ ಹೊತ್ತಿಗೇ ಒಂದು ಪತ್ರ ಕಳಿಸಿ. ಅಂಚೆ, ವಾಟ್ಸಾಪ್, ಗೆಳೆಯನ ಕೈಯಲ್ಲಿ ಚೀಟಿ, ಯಾವುದಾದರೂ ಆದೀತು, ಬರವಣಿಗೆಯಲ್ಲಿರಲಿ. ದೊಡ್ಡ ಕಾರ್ಖಾನೆಗಳು ಅನುಸರಿಸುತ್ತ ಬಂದ ಮಾದರಿ ಸ್ಥಾಯಿ ಆದೇಶಗಳ, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಟ್ಟ ನಿಯಮಗಳ ಪ್ರಕಾರ, ಮಂಜೂರಾದ ರಜೆ ಮುಗಿದ ಮೇಲೆ 8 ದಿನದೊಳಗೆ ಬಂದು ಕಾರಣ ಹೇಳದಿದ್ದರೆ ಕೆಲಸದ ಮೇಲಿನ ಹಕ್ಕು ತಪ್ಪುತ್ತದೆ. ಹೇಳದೆ 10 ದಿನಕ್ಕಿಂತ ಹೆಚ್ಚು ಗೈರಾಗುವುದನ್ನೇ ದುರ್ನಡತೆ ಎಂದು ಹಿಡಿಯುವ ಕಲಮೂ ಇರುತ್ತದೆ. ಹಾಗಂತ ವಿಚಾರಣೆ ಇಲ್ಲದೆ ತೆಗೆದು ಹಾಕಲು ಬರುವುದಿಲ್ಲ. ವಿವರಣೆ ಕೊಡಲು ನಿಮಗೆ ಅವಕಾಶ ಕೊಡಲೇಬೇಕು.

ಆಸ್ಪತ್ರೆಗೆ ಸೇರಿಸಿದ ಚೀಟಿ, ಬಿಡುಗಡೆ ಚೀಟಿ, ಬಿಲ್ಲು, ಬಸ್ ಟಿಕೆಟ್ಟನ್ನೂ ಸೇರಿಸಿ ಇಟ್ಟುಕೊಳ್ಳಿ. ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯವರು ಮಿರಜಕ್ಕೆ, ಇಂಡಿ ಕಡೆಯವರು ಸೊಲ್ಲಾಪುರಕ್ಕೆ ಒಯ್ಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಲ್ಲಿನ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೂ ನಡೆಯುತ್ತದೆ. ಹೊರರಾಜ್ಯದ ಚೀಟಿ ಅಂತ ತಳ್ಳಿ ಹಾಕುವ ಟೈಮ್ ಆಫೀಸಿನವರಿಗೆ ನನ್ನ ವಿನಂತಿ: ದಯವಿಟ್ಟು ಹಾಗೆ ಮಾಡಬೇಡಿ.

ಇಎಸ್‌ಐ ಕಾರ್ಡಿನ್ಯಾಗ ಅಪ್ಪ-ಅವ್ವ ಬರತಾರೇನು? ನಾ ಅವರ ಹತ್ರ ಕುಂತ್ರ ಇಎಸ್‌ಐ ಪಗಾರ ಕೊಡತೈತೇನು?

ಮೊದಲನೆಯದಕ್ಕೆ ಹೌದು. ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇಎಸ್‌ಐಗೆ ಬರುತ್ತಾರೆ, ಅಂಗವಿಕಲರಿಗೆ ಈ ಮಿತಿ 25,000. ನಿಮ್ಮ ಪಗಾರದಿಂದ 0.75, ಮಾಲೀಕರಿಂದ 3.25 ಶೇಕಡ ಹೋಗುತ್ತದೆ. ನಿಮ್ಮ ಮೇಲೆ ಅವಲಂಬಿತರಾದ ತಂದೆ-ತಾಯಿಗೂ ಚಿಕಿತ್ಸೆ ಸಿಗುತ್ತದೆ, ಆದರೆ ಅವರ ಆದಾಯ ತಿಂಗಳಿಗೆ 9,000 ಮೀರಿರಬಾರದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ದುಡಿಯುವ ಹೆಣ್ಣುಮಗಳ ಅತ್ತೆ-ಮಾವನನ್ನೂ ಕುಟುಂಬ ಅಂತ ಸೇರಿಸಿದ್ದಾರೆ.

ಎಷ್ಟೋ ಮಂದಿ ಕೆಲಸಕ್ಕೆ ಸೇರುವಾಗ ಮದುವೆಯಾಗಿರುವುದಿಲ್ಲ. ಫಾರ್ಮು ಯಾರೋ ತುಂಬಿರುತ್ತಾರೆ, ತಂದೆ-ತಾಯಿಯ ಹೆಸರೇ ಬಿಟ್ಟು ಹೋಗಿರುತ್ತದೆ. ಅಶೋಕ ನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲಿಗೆ ಹೋದ ಮೇಲೆ ಅದು ತಿಳಿಯುತ್ತದೆ. ಇವತ್ತೇ ನಿಮ್ಮ ಟೈಮ್ ಆಫೀಸಿಗೆ ಹೋಗಿ ಕುಟುಂಬದ ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ಕೇಳಿ.

ಎರಡನೆಯದಕ್ಕೆ ಇಲ್ಲ. ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70ರಷ್ಟು ಸಿಗುವುದು ನಿಮಗೇ ಕಾಯಿಲೆ ಆದಾಗ ಮಾತ್ರ. ಅದಕ್ಕಾಗಿ ಡಾಕ್ಟರರಿಂದ ತಮ್ಮ ಹೆಸರಿನಲ್ಲೇ ಸುಳ್ಳು ಚೀಟಿ ಬರೆಸಿಕೊಳ್ಳುವವರಿದ್ದಾರೆ. ಅವರ ಕಷ್ಟ ನನಗೆ ಗೊತ್ತು, ಆದರೂ ಬೇಡ. ಸಿಕ್ಕಿಬಿದ್ದರೆ ಸೂಟಿಯ ಜೊತೆ ಮರ್ಯಾದೆಯೂ ಹೋಗುತ್ತದೆ.

ಪಿಎಫ್ ತಗೀಬೇಕೋ ಬ್ಯಾಡೋ?

ಕುಟುಂಬದವರ ಚಿಕಿತ್ಸೆಗೆ ಪಿಎಫ್‌ನಿಂದ ಮುಂಗಡ ಪಡೆಯಲು ದಾರಿ ಇದೆ. ಮರಳಿ ಕಟ್ಟಬೇಕಿಲ್ಲ. ಕ್ಯಾನ್ಸರ್, ಹೃದಯದ ಕಾಯಿಲೆ, ಪಾರ್ಶ್ವವಾಯು, ಕ್ಷಯದಂಥವಕ್ಕೆ ಅಂತ ಇಟ್ಟದ್ದು. ಶಸ್ತ್ರಚಿಕಿತ್ಸೆಯಂಥ ಒಮ್ಮೆಲೇ ಬರುವ ಖರ್ಚಿಗೆ ತೆಗೆಯಿರಿ. ತಿಂಗಳ ಗುಳಿಗೆಗೆ, ಡೈಪರಿಗೆ ಇದನ್ನು ಮುಟ್ಟಬೇಡಿ. ಆ ಖರ್ಚು ವರ್ಷಗಟ್ಟಲೆ ನಡೆಯುತ್ತದೆ, ಪಿಎಫ್ ನಡೆಯುವುದಿಲ್ಲ.

ಸರಕಾರಿ ನೌಕರರಿಗೆ ಭಾಳ ಸೂಟಿ ಐತಂತ, ಖರೇನ?

ಮಕ್ಕಳ ಮಟ್ಟಿಗೆ ಖರೆ. ಕೇಂದ್ರದ ಮಹಿಳಾ ನೌಕರರಿಗೂ, ಒಂಟಿಯಾಗಿ ಮಗು ಸಾಕುವ ಗಂಡಸರಿಗೂ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಮಗು ಅಂಗವಿಕಲವಾಗಿದ್ದರೆ ಮಗುವಿನ ವಯಸ್ಸಿನ ಮಿತಿಯೂ ಇಲ್ಲ. ಕರ್ನಾಟಕ ಸರಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಮುಪ್ಪಿನವರಿಗಾಗಿ ಅಂತ ಪ್ರತ್ಯೇಕ ಸೂಟಿ ಅಲ್ಲಿಯೂ ಇಲ್ಲ. 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂದಾಗ ವರ್ಷದ 30 ದಿನ ಗಳಿಕೆ ರಜೆಯಂಥವನ್ನೇ ತಂದೆ-ತಾಯಿಯ ಆರೈಕೆಗೂ ಬಳಸಬಹುದು ಅಂತ ಕೇಂದ್ರ ಸಚಿವರು ಉತ್ತರ ಕೊಟ್ಟರು.

ಖಾಸಗಿಯವರು ಅಲ್ಲಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅಂಗವಿಕಲ ಅವಲಂಬಿತರನ್ನು ನೋಡಿಕೊಳ್ಳುವ ಕೇಂದ್ರ ನೌಕರರಿಗೆ ಸರದಿ ವರ್ಗಾವಣೆಯಿಂದ ವಿನಾಯಿತಿ ಕೊಡಬಹುದು ಅಂತ 2014ರಲ್ಲೇ ಆದೇಶವಾಯಿತು. ಬೆಳಗಾವಿಯಲ್ಲಿ ಮಗುವಿನ ಫಿಜಿಯೋಥೆರಪಿ ಕೂಡಿ ಬಂದಿರುವಾಗ ಹೊಸೂರಿಗೋ ಪುಣೆಗೋ ಹೋಗು ಅನ್ನುವುದು ಎಷ್ಟೋ ಮನೆಗಳಲ್ಲಿ ಕೆಲಸ ಬಿಡು ಅಂದಂತೆ.

ನಾವು ವಡಗಾವಿ ನೇಕಾರರು. ನಮಗ ಮಾಲಕನೂ ಇಲ್ಲ, ಸೂಟಿನೂ ಇಲ್ಲ. ನಮಗೇನು?

ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತದೆ. ಖಾಸಬಾಗ, ವಡಗಾವಿಯ ಕೆಲವು ಓಣಿಗಳಲ್ಲಿ ಇಬ್ಬರು ಮೂವರು ನೇಕಾರರು ಪಾಳಿ ಹಚ್ಚಿಕೊಂಡು ಒಬ್ಬರ ಮಗ್ಗ ಇನ್ನೊಬ್ಬರು ನಡೆಸಿಕೊಡುತ್ತಾರೆ. ನೂಲು ಕೊಡುವ ಸಾಹುಕಾರರು ಸೀರೆ ಒಪ್ಪಿಸುವ ದಿನವನ್ನು ನಾಲ್ಕು ದಿನ ಮುಂದೂಡಿದರೂ ಅದು ಸೂಟಿಯಷ್ಟೇ ಬೆಲೆಯುಳ್ಳದ್ದು. ಮುಪ್ಪಿನವರ ವಿಷಯದಲ್ಲಿ ದಾರಿ ಕೇಳಲು 14567ಕ್ಕೆ ಫೋನ್ ಮಾಡಬಹುದು, ಅದು ಹಿರಿಯ ನಾಗರಿಕರ ಉಚಿತ ಸಹಾಯವಾಣಿ.

## ಮಾಲೀಕರು, ಮೇಲ್ವಿಚಾರಕರು ಕೇಳಿದ್ದು

ನಮ್ಮದು ಇಪ್ಪತ್ತೈದು ಮಂದಿ ಇರೋ ಸಣ್ಣ ಕಾರ್ಖಾನೆ. ದೊಡ್ಡ ಖರ್ಚಿಲ್ಲದ ಏನ್ ಮಾಡಬಹುದು?

ಮೊದಲು ಫೋನಿನ ಪೆಟ್ಟಿಗೆಯಿಂದ ಶುರು ಮಾಡಿ.

ನಾನು ಹಿಂದೆ ದುಡಿಯುತ್ತಿದ್ದ ಕಡೆ ಗೇಟಿನ ಹತ್ತಿರ ಕಟ್ಟಿಗೆಯ ಒಂದು ಕಪಾಟು ಇತ್ತು, ಸಣ್ಣ ಸಣ್ಣ ಖಾನೆ. ಒಳಗೆ ಹೋಗುವ ಮೊದಲು ಎಲ್ಲರೂ ಮೊಬೈಲನ್ನು ಅಲ್ಲಿಡಬೇಕು. ನನ್ನದು ಮೂವತ್ತೊಂದನೇ ಖಾನೆ. ಕರಗಿದ ಕಬ್ಬಿಣದ ಹತ್ತಿರ ಮೊಬೈಲ್ ಬೇಡ ಅನ್ನುವುದು ಸರಿಯೇ, ಆ ನಿಯಮಕ್ಕೆ ನನ್ನ ತಕರಾರಿಲ್ಲ. ಒಂದು ದಿನ ನಡುಮಧ್ಯಾಹ್ನ ಅವ್ವನ ಮೂಗಿನ ನಳಿಕೆ ಜಾರಿ ಹೊರಗೆ ಬಂತು. ಬಾಜೂ ಮನೆಯ ಅಕ್ಕ ನನಗೆ ಹನ್ನೊಂದು ಸಲ ಫೋನ್ ಮಾಡಿದಳು. ಕಾವಲುಗಾರ ಅದು ಬಡಿದುಕೊಳ್ಳುವುದನ್ನು ಕೇಳುತ್ತಲೇ ಇದ್ದ. ಯಾರನ್ನಾದರೂ ಕರೆದು ಹೇಳು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅವನದೂ ತಪ್ಪಲ್ಲ. ನಾಲ್ಕೂ ಹತ್ತಕ್ಕೆ ನಾನು ಖಾನೆ ತೆಗೆದು ಪರದೆ ನೋಡಿದೆ. ಅವ್ವಗೆ ಎರಡು ಹೊತ್ತಿನ ನೀರೂ ಗುಳಿಗೆಯೂ ತಪ್ಪಿದ್ದವು. ಬಾಯಿ ಒಣಗಿ ತುಟಿ ಒಡೆದಿತ್ತು.

ಈಗ ನಾನಿರುವಲ್ಲಿ ಟೈಮ್ ಆಫೀಸಿನ ಲ್ಯಾಂಡ್‌ಲೈನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಅಂಥ ಮನೆಗಳಿಗೆ ಕೊಟ್ಟಿದ್ದೇವೆ. ಅವರು ಅದನ್ನು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಫೋನ್ ಬಂದರೆ ಐದು ನಿಮಿಷದೊಳಗೆ ಆ ಮನುಷ್ಯನನ್ನು ಕರೆಯಬೇಕು, ಅಷ್ಟೇ ನಿಯಮ. ಖರ್ಚು ಒಂದು ಹಾಳೆ ಕಾಗದ.

ಇಷ್ಟೇ ಸುಲಭದ್ದು ಇನ್ನೊಂದಿದೆ. ಪಾಳಿ ಪಟ್ಟಿಯನ್ನು ಶನಿವಾರ ಸಂಜೆಗೆ ಹಚ್ಚುವ ಬದಲು ಹದಿನೈದು ದಿನ ಮೊದಲು ಹಚ್ಚಿ. ಆಸ್ಪತ್ರೆಯ ತಾರೀಖು, ತಂಗಿ ಊರಿಂದ ಬರುವ ದಿನ, ಬಾಜೂ ಮನೆಯವರ ಸಹಾಯ ಎಲ್ಲ ಅದರ ಮೇಲೆ ನಿಂತಿರುತ್ತದೆ. ಆರೈಕೆ ಮಾಡುವವರು ನನ್ನ ಹತ್ತಿರ ಹೆಚ್ಚು ಸಲ ಕೇಳಿದ್ದು ಹೆಚ್ಚು ಸೂಟಿಯನ್ನಲ್ಲ, ಮೊದಲೇ ಗೊತ್ತಿರುವ ಹೊತ್ತನ್ನು.

ಒಬ್ಬನಿಗೆ ಕೊಟ್ಟರ ಎಲ್ಲಾರೂ ಕೇಳತಾರ. ಸುಳ್ಳು ಹೇಳೋರನ್ನ ಹ್ಯಾಂಗ ಹಿಡಿಯೂದು?

ನನ್ನ ಅನುಭವದಲ್ಲಿ ಎಲ್ಲರೂ ಕೇಳುವುದಿಲ್ಲ. ಮನೆಯಲ್ಲಿ ಕಾಯಿಲೆ ಇದೆ ಅಂತ ಹೇಳಿಕೊಳ್ಳಲು ನಾಚುವವರೇ ಹೆಚ್ಚು. ಸುಳ್ಳು ಹೇಳುವವರು ಇರುವುದಿಲ್ಲ ಅಂತಲ್ಲ, ಅವರು ಈಗಲೂ ಸತ್ತ ಅಜ್ಜಿಯನ್ನು ಮತ್ತೆ ಸಾಯಿಸಿ ಸೂಟಿ ಪಡೆಯುತ್ತಾರೆ. ಅವರಿಗೆ ಬೇಲಿ ಹಾಕಲು ಹೋಗಿ ಖರೆ ಕಷ್ಟದಲ್ಲಿರುವವನಿಂದ ವಾರಕ್ಕೊಂದು ಪ್ರಮಾಣಪತ್ರ ಕೇಳಬೇಡಿ. ವರ್ಷಕ್ಕೊಮ್ಮೆ ಆಸ್ಪತ್ರೆಯ ಒಂದು ಕಾಗದ ನೋಡಿ, ಆರು ತಿಂಗಳಿಗೊಮ್ಮೆ "ಈಗ ಹ್ಯಾಂಗ ಐತಿ?" ಅಂತ ಕೂತು ಕೇಳಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಖರೆ-ಸುಳ್ಳು ತಿಳಿಯುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವನಿಗೆ ಗುಳಿಗೆಯ ಹೆಸರು ಬಾಯಿಪಾಠ ಇರುತ್ತದೆ.

ಕುಲುಮಿ ಮುಂದ ನಿಂತವಗ ಮನಿಯಿಂದ ಕೆಲಸ ಅಂದ್ರ ಹ್ಯಾಂಗ? ಅದೆಲ್ಲಾ ಕಂಪ್ಯೂಟರ್‌ನವರಿಗೆ.

ಮನೆಯಿಂದ ಕೆಲಸ ಎರಕದವರಿಗೆ ಹೊಂದುವುದಿಲ್ಲ, ನಿಜ. ಹೊತ್ತನ್ನು ಬಾಗಿಸಲು ಬರುತ್ತದೆ. ಪಾಳಿ ಅದಲುಬದಲು, ಒಂದು ತಾಸು ತಡವಾಗಿ ಬಂದು ಒಂದು ತಾಸು ತಡವಾಗಿ ಹೋಗುವುದು, ಊಟದ ಬಿಡುವನ್ನು ಎರಡು ತುಂಡು ಮಾಡುವುದು, ರಾತ್ರಿ ಪಾಳಿಯಿಂದ ಕೆಲವು ತಿಂಗಳು ಬಿಡುವು. ಹತ್ತಿರ ಮನೆಯಿದ್ದವನಿಗೆ ನಡುವೆ ಮುಕ್ಕಾಲು ತಾಸು ಹೋಗಿ ಉಣಿಸಿ ಬರಲು ಬಿಡಬಹುದು.

ಲೆಕ್ಕ ಹಾಕಿ ನೋಡೋಣ. ದಿನಕ್ಕೊಂದು ತಾಸಿನಂತೆ 26 ದಿನಕ್ಕೆ 26 ತಾಸು, ಅಂದರೆ ಎಂಟು ತಾಸಿನ ಮೂರು ಪಾಳಿಗಿಂತ ತುಸು ಹೆಚ್ಚು. ಅದನ್ನು ಅವನು ತುಂಬಿಕೊಡುತ್ತಾನೆ, ತುಂಬದಿದ್ದರೆ ಆ ತಾಸಿನ ಪಗಾರ ಹಿಡಿಯಿರಿ. ಅದೇ ಮನುಷ್ಯ ಬಿಟ್ಟು ಹೋದರೆ? ಉಸುಕಿನ ಹದ ಬೆರಳಲ್ಲಿ ತಿಳಿಯುವ ಮೋಲ್ಡರ್ ಒಬ್ಬ ತಯಾರಾಗಲು ವರ್ಷಗಳು ಬೇಕು. ಹೊಸಬ ಕಲಿಯುವತನಕ ಒಡೆದ ಎರಕದ ರಾಶಿಯನ್ನು ಉದ್ಯಮಬಾಗದ ಪ್ರತಿ ಮಾಲೀಕರೂ ಕಂಡಿದ್ದಾರೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ರಾತ್ರಿ ನಾಲ್ಕು ಸಲ ಎದ್ದವನು ಮುಂಜಾನೆ 1,300 ಡಿಗ್ರಿಗೂ ಮೇಲೆ ಕಾದ ಲೋಹದ ಸೌಟು ಹಿಡಿದರೆ ಅಪಾಯ ಅವನೊಬ್ಬನಿಗಲ್ಲ. "ನಿದ್ದಿ ಆಗಿಲ್ಲ" ಅಂತ ಹೇಳಿದವನನ್ನು ಬಯ್ಯದೆ ಆ ದಿನ ಬೇರೆ ಕೆಲಸಕ್ಕೆ ಹಾಕುವ ರೂಢಿ ಬೇಕು. ಹಾಗೆಯೇ ಅದಲುಬದಲಿನ ಹೆಸರಿನಲ್ಲಿ ಒಬ್ಬನೇ ಎರಡು ಪಾಳಿ ಬೆನ್ನಿಗೆ ಬೆನ್ನು ಮಾಡಲು ಬಿಡಬೇಡಿ, ಕಾನೂನೂ ಒಪ್ಪುವುದಿಲ್ಲ.

ಸಕ್ಕರಿ ಕಾರ್ಖಾನ್ಯಾಗ ಹಂಗಾಮ ಶುರು ಆತಂದ್ರ ಸೂಟಿ ಬಂದ್. ಆಗ ಏನ್ ಮಾಡೂದು?

ಕಬ್ಬು ನುರಿಸುವ ನಾಲ್ಕೈದು ತಿಂಗಳು ಹಗಲು-ರಾತ್ರಿ ಮೂರು ಪಾಳಿ ನಡೆಯುತ್ತದೆ, ಒಂದು ಗಾಣ ನಿಂತರೆ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಅದನ್ನು ಕಡೆಗಣಿಸಿ ಮಾತಾಡಲು ಬರುವುದಿಲ್ಲ. ಆದರೆ ಹಂಗಾಮು ಯಾವಾಗ ಅನ್ನುವುದು ಮೊದಲೇ ಗೊತ್ತಿರುತ್ತದೆ, ಅದೇ ದೊಡ್ಡ ಅನುಕೂಲ. ಗಣೇಶ ಚೌತಿಯ ಹೊತ್ತಿಗೇ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಅಂತ ಪಟ್ಟಿ ಮಾಡಿ, ಇಡೀ ಹಂಗಾಮಿಗೆ ಅವರಿಗೆ ಒಂದೇ ಪಾಳಿ ಕಾಯಂ ಮಾಡಿ. ವಾರಕ್ಕೊಮ್ಮೆ ತಿರುಗುವ ಪಾಳಿಯೇ ಅವರನ್ನು ಮುರಿಯುವುದು. ಬಾಯ್ಲರ್, ಪ್ಯಾನ್, ಸೆಂಟ್ರಿಫ್ಯೂಜ್ ಒಂದೊಂದಕ್ಕೂ ಒಬ್ಬ ಬದಲಿ ಮನುಷ್ಯನನ್ನು ಮಳೆಗಾಲದ ದುರಸ್ತಿ ಹೊತ್ತಿನಲ್ಲೇ ಕಲಿಸಿಡಿ.

## ಇನ್ನೂ ಆಳಕ್ಕೆ ಇಳಿದಾಗ

ನಮ್ಮ ಮಾಲಕರು ಭಾಳ ಚೊಲೋ ಮನಷ್ಯಾರು, ಕೇಳಿದ್ರ ಇಲ್ಲ ಅನ್ನಂಗಿಲ್ಲ. ಮತ್ತ ನಿಯಮ ಯಾಕ ಬರೀಬೇಕು?

ಒಳ್ಳೆಯ ಮಾಲೀಕರ ಹತ್ತಿರ ಕೇಳಲು ಬಾಯಿ ಇದ್ದವರು ಹೋಗುತ್ತಾರೆ. ಗುತ್ತಿಗೆ ಕಾರ್ಮಿಕ, ಹೊಸದಾಗಿ ಸೇರಿದ ಹುಡುಗಿ, ಮಾತು ಬಾರದ ಹೆಲ್ಪರ್ ಹೋಗುವುದಿಲ್ಲ. ಮರ್ಜಿಯಿಂದ ಸಿಕ್ಕದ್ದು ಉಪಕಾರ ಆಗುತ್ತದೆ, ಉಪಕಾರ ತೀರಿಸುವ ಭಾರ ಬೇರೆ. ಬರೆದ ನಿಯಮದಿಂದ ಸಿಕ್ಕದ್ದಕ್ಕೆ ತಲೆ ತಗ್ಗಿಸಬೇಕಿಲ್ಲ.

ಒಂದು ಪುಟ ಸಾಕು. ಯಾರನ್ನು ಕುಟುಂಬ ಅನ್ನುತ್ತೇವೆ ಅನ್ನುವುದು ಮೊದಲು ಬರಲಿ, ಅದನ್ನು ರಕ್ತಸಂಬಂಧಕ್ಕೆ ಕಟ್ಟಬೇಡಿ. ನಮ್ಮ ಕಡೆ ಸೋದರಮಾವನ ಮನೆಯಲ್ಲಿ ಬೆಳೆದವರು, ವಿಧವೆ ಅತ್ತೆಯನ್ನು ಸಾಕುತ್ತಿರುವವರು ಎಷ್ಟು ಮಂದಿ! ಯಾರು ನಿಮ್ಮ ಕೈಯಿಂದ ಉಣ್ಣುತ್ತಾರೋ ಅವರು ಕುಟುಂಬ ಅಂತ ಬರೆದರೂ ಆದೀತು. ಆಮೇಲೆ, ವರ್ಷಕ್ಕೆ ಇಷ್ಟು ದಿನ ಆರೈಕೆ ಸೂಟಿ, ಅದನ್ನು ತಾಸಿನ ಲೆಕ್ಕದಲ್ಲೂ ತೆಗೆಯಬಹುದು. ಪಾಳಿ ಬದಲಿಗೆ ಯಾರಿಗೆ ಅರ್ಜಿ, ಎಷ್ಟು ದಿನದಲ್ಲಿ ಉತ್ತರ, ಇಲ್ಲ ಅಂದರೆ ಕಾರಣ ಬರವಣಿಗೆಯಲ್ಲಿ. ತುರ್ತು ಫೋನಿನ ನಿಯಮ. ಈ ಸೂಟಿಯಿಂದ ಹಾಜರಿ ಬೋನಸ್ಸಿಗೂ ಬಡ್ತಿಗೂ ಏಟು ಬೀಳುವುದಿಲ್ಲ ಅನ್ನುವ ಮಾತು. ಈ ಕೊನೆಯ ಮಾತನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ, ಹಾಜರಿ ಬೋನಸ್ ಕಳೆದುಕೊಂಡು ಯಾರೂ ತಾಸಿನ ಸೂಟಿ ಕೇಳುವುದಿಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಗಡಿಯಾರದ ಕೆಳಗೆ ಹಚ್ಚಿ.

ಒಬ್ಬರ ಸೂಟಿ ಇನ್ನೊಬ್ಬರಿಗೆ ದಾನ ಕೊಡಬಹುದೇನು?

ಕಾನೂನು ಕೊಟ್ಟ ಗಳಿಕೆ ರಜೆಯನ್ನು ಮುಟ್ಟಬೇಡಿ, ಅದು ಆ ಮನುಷ್ಯನ ವಿಶ್ರಾಂತಿಗೆ ಇದ್ದದ್ದು. ಕಂಪನಿ ತಾನಾಗಿ ಹೆಚ್ಚಿಗೆ ಕೊಡುವ ಸೂಟಿಯಿಂದ ಒಂದು ಗಂಟು ಮಾಡಬಹುದು. ಯಾರು ಕೊಟ್ಟರು, ಯಾರು ಪಡೆದರು ಎರಡೂ ಗುಟ್ಟಾಗಿರಲಿ.

ಬ್ಯಾರೆ ದೇಶದಾಗ ಹ್ಯಾಂಗ ಐತಿ?

ಅಮೆರಿಕದಲ್ಲಿ 1993ರ ಕಾನೂನಿನಂತೆ 50ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಡೆ 12 ವಾರ ಪಗಾರವಿಲ್ಲದ ರಜೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ವರ್ಷಕ್ಕೆ ಒಂದು ವಾರ, ಅದೂ ಪಗಾರವಿಲ್ಲದ್ದು. ಜಪಾನಿನಲ್ಲಿ ಒಬ್ಬ ರೋಗಿಗೆ 93 ದಿನ, ಮೂರು ಕಂತಿನಲ್ಲಿ, ಪಗಾರದ ಶೇ 67 ಉದ್ಯೋಗ ವಿಮೆಯಿಂದ ಸಿಗುತ್ತದೆ. ಅದಲ್ಲದೆ ವರ್ಷಕ್ಕೆ 5 ದಿನದ ಸಣ್ಣ ಸೂಟಿ ಬೇರೆ, 2021ರಿಂದ ಅದನ್ನು ತಾಸು ತಾಸಾಗಿ ತೆಗೆಯಬಹುದು. ಉದ್ಯಮಬಾಗ, ಮಚ್ಛೆ, ಹೊನಗಾದ ಕಾರ್ಖಾನೆಗಳಿಗೆ ನಾನು ಆರಿಸುವುದು ಈ ತಾಸಿನ ಸೂಟಿಯನ್ನು. ಮಾಲೀಕರಿಗೂ ಭಾರವಿಲ್ಲ.

ನನ್ನ ತಮ್ಮಗ ಮನಸ್ಸಿನ ಕಾಯಿಲೆ ಐತಿ. ಕಂಪನ್ಯಾಗ ಹೇಳಿದ್ರ ಊರೆಲ್ಲಾ ಗೊತ್ತಾಗತೈತಿ.

ಕಾಯಿಲೆಯ ಹೆಸರು ಹೇಳುವ ಅಗತ್ಯವಿಲ್ಲ. "ಮನೆಯವರೊಬ್ಬರಿಗೆ ದೀರ್ಘ ಚಿಕಿತ್ಸೆ ನಡೆದಿದೆ, ತಿಂಗಳಿಗೆ ಎರಡು ದಿನ ಧಾರವಾಡಕ್ಕೆ ಹೋಗಬೇಕು" ಅನ್ನುವುದು ಸಾಕು. ಚೀಟಿಯನ್ನು ಒಬ್ಬರೇ ನೋಡಲಿ, ನೋಡಿ ಮರಳಿಸಲಿ, ಫೈಲಿಗೆ ಹಚ್ಚುವುದು ಬೇಡ. ಮಾನಸಿಕ ಕಾಯಿಲೆ ಇರುವವರ ವಿವರ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಿಮಗೇ ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡಿ, ಟೆಲಿ-ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.

ನಮ್ಮಲ್ಲಿ ಹೆಣ್ಮಕ್ಕಳ ಕೆಲಸ ಬಿಡತಾರ, ಗಂಡಸರು ಬಿಡಂಗಿಲ್ಲ. ಇದಕ್ಕ ಕಂಪನಿ ಏನ್ ಮಾಡಾಕ ಬರತೈತಿ?

ಮಗು ಸಣ್ಣದಿದ್ದಾಗ ಕಾನೂನು ಸ್ವಲ್ಪ ಕೈ ಹಿಡಿಯುತ್ತದೆ: 2017ರ ತಿದ್ದುಪಡಿಯ ನಂತರ 26 ವಾರ ಹೆರಿಗೆ ರಜೆ, 50 ಮತ್ತು ಮೇಲ್ಪಟ್ಟು ನೌಕರರಿದ್ದರೆ ಶಿಶುವಿಹಾರ, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡುವು. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ ಅಂಥ ಯಾವ ಕೈಯೂ ಇಲ್ಲ. ಮನೆಯಲ್ಲಿ ಕೂತು ಲೆಕ್ಕ ಹಾಕುತ್ತಾರೆ, ಸೊಸೆಯ ಪಗಾರ ಕಡಿಮೆ, ಅವಳೇ ಬಿಡಲಿ ಅಂತ.

ಕಂಪನಿ ಮಾಡಬಹುದಾದ ದೊಡ್ಡ ಕೆಲಸವೆಂದರೆ ಗಂಡಸರಿಗೂ ಆರೈಕೆ ಸೂಟಿ ಕೊಟ್ಟು, ತೆಗೆದುಕೊಳ್ಳಿ ಅಂತ ಹೇಳುವುದು. ಮೇಲ್ವಿಚಾರಕನೇ "ನಾಳೆ ಬರಂಗಿಲ್ಲ, ಅವ್ವನ್ನ ಕಣ್ಣಿನ ಆಪರೇಶನ್‌ಗೆ ಒಯ್ಯಬೇಕು" ಅಂತ ಎಲ್ಲರ ಮುಂದೆ ಅಂದರೆ ಅಂದಿನಿಂದ ಆ ಸೂಟಿ ಹೆಂಗಸರ ಸೂಟಿಯಾಗಿ ಉಳಿಯುವುದಿಲ್ಲ. ಬಿಟ್ಟು ಹೋದ ಹೆಣ್ಣುಮಗಳಿಗೆ ಎರಡು ವರ್ಷದೊಳಗೆ ಮರಳಿದರೆ ಅದೇ ದರ್ಜೆ, ಅದೇ ಪಗಾರ ಅಂತ ಬರೆದು ಕೊಡುವುದು ಎರಡನೆಯದು.

ಅಪ್ಪ ತೀರಿಕೊಂಡ್ರು. ಈಗೇನ್ ಆರೈಕಿ ಇಲ್ಲ, ಮತ್ತ ರಾತ್ರಿ ಪಾಳಿಗೆ ಬಾ ಅಂತಾರ. ಮೈಯಾಗ ಕಸುವ ಇಲ್ಲ.

ಒಂದು ತಿಂಗಳು ಹಳೆಯ ಪಾಳಿಯಲ್ಲೇ ಇರಲು ಬಿಡಿ ಅಂತ ಕೇಳಿ. ಮೇಲ್ವಿಚಾರಕರೇ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು. ವರ್ಷಗಟ್ಟಲೆ ತುಂಡು ನಿದ್ದೆ ಮಾಡಿದ ಮೈ ಹದಿನೈದು ದಿನದಲ್ಲಿ ಸರಿಹೋಗುವುದಿಲ್ಲ. ತಿಥಿ ಮುಗಿಯಿತು ಅಂತ ಕುಲುಮೆಯ ಮುಂದೆ ರಾತ್ರಿ ನಿಲ್ಲಿಸುವುದು ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು. ಈ ನಡುವೆ ಕೆಲವು ಕಾಗದದ ಕೆಲಸ ಇರುತ್ತದೆ, ಮರಣ ಪ್ರಮಾಣಪತ್ರ, ಇಎಸ್‌ಐ ಪಟ್ಟಿಯಿಂದ ಹೆಸರು ತೆಗೆಸುವುದು, ಪಿಎಫ್ ನಾಮಿನಿ ಅಪ್ಪನೇ ಆಗಿದ್ದರೆ ಬದಲಿಸುವುದು. ನಾಮಿನಿಯ ವಿಷಯ ಎಲ್ಲರೂ ಮರೆಯುತ್ತಾರೆ. ಅದಕ್ಕೆ ಟೈಮ್ ಆಫೀಸಿನವರು ತಾವಾಗಿ ಕರೆದು, ಫಾರ್ಮನ್ನು ತಾವೇ ತುಂಬಿ, ಸಹಿ ಮಾತ್ರ ಹಾಕಿಸಿಕೊಳ್ಳಬೇಕು. ನಮ್ಮವ್ವ ಹೋದಾಗ ನಾನು ಪಾಳಿಯ ನಡುವೆ ಎರಡು ತಾಸಿಗೊಮ್ಮೆ ಗಡಿಯಾರ ನೋಡುವುದು ತಿಂಗಳುಗಟ್ಟಲೆ ನಿಂತಿರಲಿಲ್ಲ. ಬಾಜೂ ಮಷಿನ್ನಿನವನು ಅದನ್ನು ಗಮನಿಸಿ, ಏನೂ ಕೇಳದೆ, ಆ ಹೊತ್ತಿಗೆ ಚಹಾ ತಂದು ಇಡುತ್ತಿದ್ದ.